ತೋಟದ ಕತ್ತಿಯೂ ಮಲೆನಾಡಿನ ಮಳೆಯೂ

ವರ್ಷವೊಂದಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆಯ ಸುತ್ತಣ ಸೀಮೆಯಲ್ಲಿ, ಗೋಡೆಗಳು ಬೆವರಿ, ಬಟ್ಟೆಗಳು ಬೂಷ್ಟು ಹಿಡಿದು, ಅಟ್ಟದ ಮೇಲಣ ಪುಸ್ತಕಗಳು ಕೂಡ ಮೆತ್ತಗಾಗುವ ಆ ನಾಲ್ಕು ತಿಂಗಳುಗಳಲ್ಲಿ, ಕಬ್ಬಿಣವು ಕಬ್ಬಿಣವಾಗಿಯೇ ಉಳಿಯುವುದು ಸೋಜಿಗದ ಸಂಗತಿ. ಆದರೂ ಅಲ್ಲಿನ ಅಡಕೆ ತೋಟಿಗನ ಸೊಂಟದ ಕತ್ತಿಯು, ಕಂಬಳಿಕೊಪ್ಪೆಯಿಂದ ಇಳಿಯುವ ನೀರಿನಲ್ಲಿ ದಿನವಿಡೀ ತೊಯ್ದರೂ, ವರ್ಷಗಟ್ಟಲೆ ಬಾಳಿಕೆ ಬರುತ್ತದೆ. ಇದು ಯಾವುದೋ ಗುಪ್ತವಿದ್ಯೆಯ ಫಲವಲ್ಲ. ಗ್ರಂಥಸ್ಥವಾಗದೆ ಕೈಯಿಂದ ಕೈಗೆ ಸಾಗಿಬಂದ ಒಂದು ಆರೈಕೆಯ ಕ್ರಮದ ಫಲ.

ತುಕ್ಕು ಹುಟ್ಟುವುದಕ್ಕೆ ನೀರು ಮತ್ತು ಪ್ರಾಣವಾಯು ಎರಡೂ ಬೇಕು. ಎರಡರಲ್ಲೊಂದನ್ನು ತಡೆದರೆ ಕಬ್ಬಿಣ ಕ್ಷೇಮ. ಬೆವರಿನ ಉಪ್ಪು, ಹಣ್ಣುಕಾಯಿಗಳ ಹುಳಿ ಸೇರಿದರಂತೂ ಕ್ರಿಯೆಗೆ ಇಮ್ಮಡಿ ವೇಗ ಬರುತ್ತದೆ. ತಾಮ್ರದ ಮೇಲೆ ಕಟ್ಟುವ ಪದರವು ಒಳಗಿನ ಲೋಹಕ್ಕೆ ಬಹುಮಟ್ಟಿಗೆ ಕವಚವಾಗುವುದಾದರೆ, ಕಬ್ಬಿಣದ ಕೆಂಪು ತುಕ್ಕು ಸಡಿಲವಾದದ್ದು, ರಂಧ್ರಮಯವಾದದ್ದು, ತೇವವನ್ನು ಹೀರಿ ಹಿಡಿದಿಡುವಂಥದು. ಆದುದರಿಂದಲೇ ಒಮ್ಮೆ ಮೊಳೆತ ತುಕ್ಕು ತನ್ನ ಅಡಿಯಲ್ಲಿ ಮತ್ತಷ್ಟು ತುಕ್ಕನ್ನು ಬೆಳೆಸುತ್ತ ಹೋಗುತ್ತದೆ. ಇದೇ ಮಳೆಯ ನಡುವೆ ಕೊಡಚಾದ್ರಿಯ ಮೇಲೆ ಬಯಲಲ್ಲಿ ನಿಂತಿರುವ ಕಬ್ಬಿಣದ ಕಂಬವು ಈ ಕ್ಷಯವನ್ನು ಹೇಗೆ ತಡೆದುಕೊಂಡಿತೆಂದು ಲೋಹಶಾಸ್ತ್ರಜ್ಞರು ಕುತೂಹಲದಿಂದ ಪರೀಕ್ಷಿಸಿದ್ದಾರೆ. ಆದರೆ ಕಂಬಕ್ಕೆ ಅಲಗಿಲ್ಲ, ಅದನ್ನು ಯಾರೂ ಮಸೆಯುವುದಿಲ್ಲ. ಮಸೆದಾಗಲೆಲ್ಲ ಹೊಸ ಮೈಯನ್ನು ಗಾಳಿಗೆ ಒಡ್ಡುವ ಕತ್ತಿಯ ಪಾಡೇ ಬೇರೆ.

ತೋಟಿಗನು ಕತ್ತಿಯನ್ನು ಸಿಕ್ಕಿಸಿಕೊಳ್ಳುವ ಮರದ ಕೊಕ್ಕೆಯನ್ನು ಗಮನಿಸಿದವರಿಗೆ ಈ ಆರೈಕೆಯ ಮರ್ಮವು ಅರ್ಧದಷ್ಟು ತಿಳಿದಂತೆಯೇ. ಬೆನ್ನ ಹಿಂದೆ ಹಗ್ಗದಿಂದ ಕಟ್ಟಿದ ಆ ಕೊಕ್ಕೆಯಲ್ಲಿ ಅಲಗು ಮುಚ್ಚಿಹೋಗುವುದಿಲ್ಲ. ನೀರು ಕೆಳಗಿಳಿದು ಹೋಗುತ್ತದೆ, ಗಾಳಿ ಎರಡೂ ಕಡೆಯಿಂದ ಆಡುತ್ತದೆ. ಪೇಟೆಯ ಅಂಗಡಿಗಳಲ್ಲಿ ದೊರಕುವ ಚಂದದ ಚರ್ಮದ ಒರೆಯಾದರೋ ತೇವವನ್ನೂ ಹದಮಾಡುವಾಗ ಚರ್ಮದಲ್ಲಿ ಉಳಿದ ಲವಣಾಂಶವನ್ನೂ ಅಲಗಿಗೆ ಅಂಟಿಸಿಟ್ಟು, ಒಂದೇ ಮಳೆಗಾಲದಲ್ಲಿ ಅದನ್ನು ಹಾಳುಗೆಡವಬಲ್ಲುದು. ಚಾರಣಕ್ಕೆಂದು ಕಾಡು ಹೊಗುವ ತರುಣರು ಈ ಒಂದು ವಿಷಯದಲ್ಲಾದರೂ ತೋಟಿಗನಿಗೆ ಶಿಷ್ಯರಾಗುವುದು ಲೇಸು: ಒರೆಯು ನಡೆವಾಗ ಮೈಗೆ ರಕ್ಷೆಯೇ ಹೊರತು ಕತ್ತಿಯನ್ನು ಇಡುವ ಮನೆಯಲ್ಲ.

ಸಂಜೆ ಮನೆಗೆ ಮರಳಿದೊಡನೆಯೆ ಕತ್ತಿಯನ್ನು ತೊಳೆದು, ಒಣಬಟ್ಟೆಯಿಂದ ಒರೆಸಿ, ಒಲೆಯ ಬಿಸಿ ತಾಗುವೆಡೆಯಲ್ಲಿ ಇಡುವುದು ಹಿಂದಿನವರ ಪದ್ಧತಿ. ಹಲಸಿನ ಮೇಣ ಅಂಟಿದ್ದರೆ ನೀರು ನಿಷ್ಪ್ರಯೋಜಕ. ಕೊಬ್ಬರಿ ಎಣ್ಣೆಯನ್ನೋ ಸೀಮೆಎಣ್ಣೆಯನ್ನೋ ಸವರಿ ಒರೆಸಬೇಕು, ಜಾಣರಾದವರು ಹಲಸು ಕೊಯ್ಯುವ ಮುನ್ನವೇ ಅಲಗಿಗೆ ಎಣ್ಣೆ ಸವರಿಕೊಳ್ಳುತ್ತಾರೆ. ಒಣಗಿದ ಅಲಗಿಗೆ ಎಣ್ಣೆಯ ತೆಳುಲೇಪ ಸಾಕು. ತೊಟ್ಟಿಕ್ಕುವಷ್ಟು ಹಚ್ಚಿದರೆ ಧೂಳು ಕೂರುತ್ತದೆ. ತೋಟದ ಕತ್ತಿಗೆ ಹೊಂಗೆ ಎಣ್ಣೆಯೂ ಆದೀತು. ತಿನ್ನುವ ಪದಾರ್ಥ ಹೆಚ್ಚುವ ಚಾಕುವಿಗೆ ಮಾತ್ರ ಕೊಬ್ಬರಿ ಎಣ್ಣೆಯೇ ಆಗಬೇಕು.

ಅಡಕೆಯ ಚೊಗರು ತಾಗಿ ಅಲಗು ಕಪ್ಪಾದರೆ ಗಾಬರಿಯಾಗಬೇಕಾದುದಿಲ್ಲ. ಅಳಲೆಕಾಯಿಯಿಂದ ಮಸಿ ಮಾಡುತ್ತಿದ್ದ ಕಾಲದವರಿಗೆ ಪರಿಚಿತವಾದ ಕ್ರಿಯೆಯೇ ಅದು: ಒಗರು ಪದಾರ್ಥದಲ್ಲಿನ ಟ್ಯಾನಿನ್ ಕಬ್ಬಿಣದೊಡನೆ ಕೂಡಿ ಕಪ್ಪು ಪದರವಾಗಿ ನಿಲ್ಲುತ್ತದೆ. ಈ ಕಪ್ಪು, ಕೆಂಪು ತುಕ್ಕಿನಂತೆ ಲೋಹವನ್ನು ಕೊರೆಯುವುದಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಕಬ್ಬಿಣದ ತುಕ್ಕನ್ನು ಸ್ಥಿರಗೊಳಿಸಲು ಟ್ಯಾನಿಕ್ ಆಮ್ಲವನ್ನು ಬಳಸುವುದುಂಟು. ಆದ್ದರಿಂದ ಕತ್ತಿಯನ್ನು ಬೆಳ್ಳಿಯಂತೆ ಹೊಳೆಯಿಸುವ ಹಟವು ನನಗೆ ಅಷ್ಟೇನೂ ಮೆಚ್ಚಿಕೆಯಾದುದಲ್ಲ.

ಆದರೆ ಹೊಳೆಯುವ ಅಲಗೇ ಬೇಕಾಗುವ ಸಂದರ್ಭವೊಂದಿದೆ. ಅಡಕೆಯ ಕೊಳೆರೋಗಕ್ಕೆ ಮದ್ದಾಗಿ ಬೋರ್ಡೋ ದ್ರಾವಣವನ್ನು ಮೈಸೂರು ಸಂಸ್ಥಾನದಲ್ಲಿ ಬಳಕೆಗೆ ತಂದವರಲ್ಲಿ ಪ್ರಮುಖನಾದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಆ ರೋಗವನ್ನು ಕುರಿತ ತನ್ನ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದನು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬ ಅಳತೆಯಲ್ಲಿ ಕಲಸಿದ ಮದ್ದು ಸರಿಯಾಗಿದೆಯೇ ಎಂಬುದಕ್ಕೆ ಕತ್ತಿಯೇ ಪರೀಕ್ಷಕ. ಉಜ್ಜಿ ಶುಭ್ರಗೊಳಿಸಿದ ಅಲಗನ್ನು ಕೆಲವು ನಿಮಿಷ ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು ಎಂದರ್ಥ. ಹಾಗೆಯೇ ಸಿಂಪಡಿಸಿದರೆ ಹಿಂಗಾರ, ಎಳೆಕಾಯಿಗಳು ಸುಟ್ಟುಹೋದಾವು. ತುಕ್ಕು ಮೆತ್ತಿದ ಅಲಗಿನಲ್ಲಿ ಈ ಕೆಂಪು ಕಾಣುವ ಬಗೆಯೆಂತು? ಪರೀಕ್ಷೆ ಮುಗಿದೊಡನೆ ಕತ್ತಿಯನ್ನು ತೊಳೆಯದಿದ್ದರೆ ಕಬ್ಬಿಣವು ಕರಗಿ ತಾಮ್ರಕ್ಕೆ ಎಡೆಗೊಡುತ್ತಲೇ ಇರುತ್ತದೆ.

ಈಗಾಗಲೇ ಹಿಡಿದ ತುಕ್ಕಿಗೆ ಉಪಾಯ ಸರಳ. ಮೇಲುಮೇಲಿನದಾದರೆ ಬೂದಿಯೂ ತೆಂಗಿನ ನಾರೂ ಸಾಕು. ಗಟ್ಟಿಯಾದುದಕ್ಕೆ ನೆನೆಸಿದ ಹುಣಿಸೆಹಣ್ಣನ್ನೋ ನಿಂಬೆರಸವನ್ನೋ ಹಚ್ಚಿ, ಅರ್ಧ ಗಂಟೆ ಬಿಟ್ಟು, ತಿಕ್ಕಿ, ತೊಳೆದು, ಬಿಸಿಗೆ ಹಿಡಿದು ಒಣಗಿಸಿ ಎಣ್ಣೆ ಸವರಬೇಕು. ರಾತ್ರಿಯಿಡೀ ಬಿಟ್ಟರೆ ಹುಳಿಯು ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಬಳಿಕ ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ನುಣ್ಣನೆಯ ಪುಡಿಯನ್ನು ಉದುರಿಸಿ ಮಸೆದರೆ ಬಾಯಿ ಹರಿತವಾಗುತ್ತದೆ. ತಿರುಗುವ ಯಂತ್ರದ ಕಲ್ಲಿಗೆ ಒಣದಾಗಿ ಹಿಡಿದಾಗ ಅಂಚು ನೀಲಿಗಟ್ಟಿದರೆ, ಕಮ್ಮಾರನು ಕೊಟ್ಟ ಹದ ಹೋಯಿತೆಂದೇ ತಿಳಿಯಬೇಕು. ಗುಳಿಬಿದ್ದ ಅಲಗನ್ನಂತೂ ಕುಲುಮೆಗೆ ಒಯ್ದು ಹಣಿಸಿಕೊಂಡು ಬರುವುದೇ ಮಾರ್ಗ.

ತುಕ್ಕು ಹಿಡಿಯದ ಉಕ್ಕು ಇರುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರು ಇಲ್ಲದಿಲ್ಲ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತನು ಉಕ್ಕಿಗೆ ಕ್ರೋಮಿಯಂ ಬೆರೆಸಿ ತಯಾರಿಸಿದ ಆ ಲೋಹವು ಅಡುಗೆಮನೆಗೆ ವರವೇ ಸರಿ. ಆದರೆ ಹಳ್ಳಿಯ ಕುಲುಮೆಯಲ್ಲಿ ಅದನ್ನು ಬಡಿದು ಹಣಿಸುವುದು ಒಗ್ಗದು. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ತಟ್ಟಿದ ಕತ್ತಿಯನ್ನಾದರೋ ಕಮ್ಮಾರನು ಮತ್ತೆ ಮತ್ತೆ ಹೊಸದಾಗಿಸಬಲ್ಲನು.

ಕೊನೆಯದಾಗಿ ಓದುಗರಲ್ಲಿ ಒಂದು ವಿಜ್ಞಾಪನೆ. ಆಯುಧಪೂಜೆಯಂದು ಭಕ್ತಿಯಿಂದ ಹಚ್ಚಿದ ಗಂಧ ಕುಂಕುಮಗಳಲ್ಲಿನ ತೇವವು ಅಲಗಿನ ಮೇಲೆ ಚುಕ್ಕೆಚುಕ್ಕೆಯಾಗಿ ತುಕ್ಕನ್ನು ಎಬ್ಬಿಸುತ್ತದೆ. ವಿಜಯದಶಮಿ ಕಳೆದೊಡನೆ ಅವನ್ನು ಒರೆಸಿ, ಎಣ್ಣೆ ಸವರಿ ಕತ್ತಿಯನ್ನು ಒಳಗಿಡಿ.