ಮೊಬೈಲ್ ಪಾಠ ಹೇಳೀತು, ಪ್ರಶ್ನೆ ಕೇಳುವವರಾರು?

ಕೊರೊನಾದಿಂದಾಗಿ 2020ರ ಮಾರ್ಚ್‌ನಲ್ಲಿ ಶಾಲೆಗಳ ಬಾಗಿಲು ಮುಚ್ಚಿದವು. ಅದೇ ವರ್ಷ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಶುರುವಾದವು. ತುಮಕೂರಿನ ಬಡಾವಣೆಯ ಹುಡುಗನಿಗೂ, ಗುಬ್ಬಿಯ ತೋಟದ ಮನೆಯ ಹುಡುಗಿಗೂ, ಕುಣಿಗಲ್ ಕಡೆಯ ಹಳ್ಳಿಯ ಮಕ್ಕಳಿಗೂ ಒಂದೇ ಪಾಠ. ಆದರೆ ಟಿ.ವಿ. ಹೇಳುತ್ತದೆಯೇ ಹೊರತು ಕೇಳಿಸಿಕೊಳ್ಳುವುದಿಲ್ಲ. ಅರ್ಥವಾಗದ ಮಗು ಕೈಯೆತ್ತಿದರೆ ಕಾಣುವವರು ಯಾರು?

ಆಗಸ್ಟ್‌ನಲ್ಲಿ ಬಂದ ‘ವಿದ್ಯಾಗಮ’ ಈ ಕೊರತೆ ತುಂಬಲು ಹೊರಟಿತು. ಇಂಟರ್‌ನೆಟ್ ಇರುವ ಮೊಬೈಲ್ ಉಳ್ಳವರು, ಬರೀ ಮಾತಾಡುವ ಫೋನ್ ಉಳ್ಳವರು, ಎರಡೂ ಇಲ್ಲದವರು ಎಂದು ಮಕ್ಕಳನ್ನು ಮೂರು ಗುಂಪು ಮಾಡಲಾಯಿತು. ಮೊದಲನೆಯವರಿಗೆ ವಾಟ್ಸ್‌ಆಪ್, ಎರಡನೆಯವರಿಗೆ ಫೋನ್ ಕರೆ. ಏನೂ ಇಲ್ಲದವರನ್ನು ಹುಡುಕಿಕೊಂಡು ಶಿಕ್ಷಕರೇ ಊರಿಗೆ ಹೋದರು. ಜಗಲಿ, ಮರದ ನೆರಳುಗಳೇ ತರಗತಿಗಳಾದವು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಂತ ಯೋಜನೆ 2021ರ ಜನವರಿಯಲ್ಲಿ ಮತ್ತೆ ಆರಂಭವಾಯಿತು.

ಇದರಲ್ಲೊಂದು ಪಾಠವಿದೆ. ಸಾಧನ ಎಷ್ಟು ದುಬಾರಿ ಎಂಬುದು ಮುಖ್ಯವಲ್ಲ. ಮಗುವಿನ ಪ್ರಶ್ನೆ ಶಿಕ್ಷಕರಿಗೆ ತಲುಪಿತೇ, ಉತ್ತರ ಮರಳಿ ಬಂತೇ ಎಂಬುದೇ ಮುಖ್ಯ.

ಉಪಗ್ರಹದಿಂದ ಮೊಬೈಲಿಗೆ

ಈ ಪ್ರಯತ್ನ ಹೊಸದೇನಲ್ಲ. ಶಿಕ್ಷಣಕ್ಕೆಂದೇ ಇಸ್ರೋ ರೂಪಿಸಿದ ‘ಎಜುಸ್ಯಾಟ್’ ಉಪಗ್ರಹ 2004ರ ಸೆಪ್ಟೆಂಬರ್ 20ರಂದು ಹಾರಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಿಗೂ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಅದರಿಂದ ಪಾಠ ಬಂತು. 2010ರಲ್ಲಿ ಅದರ ಆಯುಷ್ಯ ಮುಗಿಯಿತು. 2017ರಲ್ಲಿ ಕೇಂದ್ರ ಸರ್ಕಾರದ ‘ದೀಕ್ಷಾ’ ಬಂತು. ಪಠ್ಯಪುಸ್ತಕದ ಕ್ಯೂಆರ್ ಸಂಕೇತಕ್ಕೆ ಮೊಬೈಲ್ ಹಿಡಿದರೆ ಆ ಪಾಠದ ವಿಡಿಯೊ, ಅಭ್ಯಾಸದ ಪ್ರಶ್ನೆಗಳು ತೆರೆದುಕೊಳ್ಳುತ್ತವೆ.

ನೋಡುವುದಕ್ಕಿಂತ ಮಾಡಿ ನೋಡುವುದು ಮೇಲು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಆರಂಭವಾದ ‘ಫೆಟ್’ ಉಚಿತವಾಗಿ ಸಿಗುತ್ತದೆ. ಅದರ ಹಲವು ಪ್ರಯೋಗಗಳು ಕನ್ನಡದಲ್ಲೂ ಇವೆ. ಪರದೆಯ ಮೇಲೆ ಒಂದು ಬ್ಯಾಟರಿ, ಒಂದು ಬಲ್ಬು ಜೋಡಿಸಿ. ಸರಣಿಯಲ್ಲಿ ಇನ್ನೊಂದು ಬಲ್ಬು ಸೇರಿಸಿದರೆ ಎರಡೂ ಮಂಕಾಗುತ್ತವೆ. ಸಮಾಂತರವಾಗಿ ಸೇರಿಸಿದರೆ ಬೆಳಕು ಕುಗ್ಗದು. ಮನೆಯಲ್ಲಿ ಫ್ಯಾನ್ ಆರಿಸಿದರೂ ದೀಪ ಏಕೆ ಆರುವುದಿಲ್ಲ ಎಂಬುದು ಆಗ ತಾನಾಗಿಯೇ ಹೊಳೆಯುತ್ತದೆ. ಆದರೆ ಕೊನೆಗೊಮ್ಮೆ ನಿಜವಾದ ಸೆಲ್ಲು, ತಂತಿ ಮುಟ್ಟಿ ಮಾಡಿಯೇ ತೀರಬೇಕು.

ಮೊಬೈಲೇ ಇಲ್ಲದೆಯೂ ತರಗತಿಗೆ ಜೀವ ತುಂಬಬಹುದು. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ಬಳಕೆಗೆ ತಂದ ಕ್ರಮ ಬಲು ಸರಳ. ಪ್ರಶ್ನೆ ಹಾಕಿದ ಮೇಲೆ ಪ್ರತಿಯೊಬ್ಬರೂ ತಮ್ಮ ಉತ್ತರ ಆರಿಸಬೇಕು. ಪಕ್ಕದವರೊಡನೆ ವಾದಿಸಿ, ಮತ್ತೊಮ್ಮೆ ಆರಿಸಬೇಕು. ಅದಕ್ಕೆ ನಾಲ್ಕು ಬಣ್ಣದ ಕಾಗದದ ಚೀಟಿಗಳೂ ಸಾಕು.

ಗುಂಪಿಗೆ ಕೆಲಸ ಕೊಡಿ

ತರಗತಿಯ ವಾಟ್ಸ್‌ಆಪ್ ಗುಂಪು ‘ಶುಭೋದಯ’ಕ್ಕೆ ಸೀಮಿತವಾಗಬೇಕಿಲ್ಲ. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪೆನಿಯ ಬಗ್ಗೆ ಹಿರಿಯರು ಬಲ್ಲ ಮಾತುಗಳನ್ನೋ, ಕುಣಿಗಲ್ ಕೆರೆ ಕೋಡಿ ಬಿದ್ದ ವರ್ಷಗಳ ನೆನಪನ್ನೋ ಮಕ್ಕಳು ಧ್ವನಿಮುದ್ರಿಸಿ ಹಂಚಿಕೊಂಡರೆ ಇತಿಹಾಸ, ಭೂಗೋಳ ಎರಡೂ ಮನೆಯಿಂದಲೇ ಶುರುವಾಗುತ್ತವೆ.

ಪೋಷಕರ ಆತಂಕವೂ ಸುಳ್ಳಲ್ಲ. ಪಾಠಕ್ಕೆಂದು ತೆಗೆದ ಮೊಬೈಲ್ ರೀಲ್ಸ್‌ಗೆ ಜಾರಲು ಎಷ್ಟು ಹೊತ್ತು ಬೇಕು? ವಾಟ್ಸ್‌ಆಪ್‌ನ ನಿಯಮದಂತೆ 13 ವರ್ಷ ತುಂಬದವರು ಸ್ವಂತ ಖಾತೆ ತೆರೆಯುವಂತಿಲ್ಲ. ಚಿಕ್ಕವರ ಗುಂಪು ತಾಯಿ-ತಂದೆಯ ಫೋನಿನಲ್ಲೇ ಇರಲಿ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18ರೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಮಗುವಿನ ಫೋಟೊ, ಅಂಕಗಳನ್ನು ಗುಂಪಿಗೆ ಹಾಕುವ ಮುನ್ನ ಯೋಚಿಸುವುದು ಒಳಿತು.

ಮನೆಯಲ್ಲಿ ಒಂದೇ ಫೋನಿದ್ದರೆ ಅಣ್ಣನ ಸರದಿ ಮುಗಿದ ಮೇಲೆ ತಂಗಿಗೆ ಎಂಬ ಲೆಕ್ಕ ಬೇಡ. ಇಬ್ಬರಿಗೂ ಸಮಯ ಗೊತ್ತುಮಾಡಿ. ‘ಎಷ್ಟು ಹೊತ್ತು ಓದಿದೆ?’ ಎನ್ನುವ ಬದಲು ‘ಇವತ್ತು ಮೇಷ್ಟ್ರನ್ನು ಏನು ಕೇಳಿದೆ?’ ಎಂದು ವಿಚಾರಿಸಿ. ಕೇಳಿದ್ದೇನೂ ಇಲ್ಲವೆಂದರೆ, ಮೊಬೈಲ್ ಎಷ್ಟು ಹೊಸದಾಗಿದ್ದರೂ ಕಲಿಕೆ ಅರ್ಧದಲ್ಲೇ ನಿಂತಿದೆ ಎಂದೇ ತಿಳಿಯಬೇಕು.