ನೂರು ರೂಪಾಯಿಯ ಎರಡು ಲೆಕ್ಕ

ವೈಟ್‌ಫೀಲ್ಡ್ ಎಂದ ಕೂಡಲೇ ಮಕ್ಕಳಿಗೆ ನೆನಪಾಗುವುದು ಗಾಜಿನ ಕಟ್ಟಡಗಳು ಮತ್ತು ಮಾಲ್‌ಗಳು. ಆದರೆ ಆ ಊರಿಗೆ ನೂರ ನಲವತ್ತು ವರ್ಷ ಮೀರಿದ ಚರಿತ್ರೆಯಿದೆ. 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡು ಬದುಕಲೆಂದು ಇಲ್ಲಿ ಜಮೀನು ಕೊಟ್ಟರು. ಅವರ ಸಂಘದ ಮುಖ್ಯಸ್ಥರಾಗಿದ್ದ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ಎಲೆಕ್ಟ್ರಾನಿಕ್ ಸಿಟಿ ಹುಟ್ಟಿದ್ದು 1970ರ ದಶಕದ ಕೊನೆಯಲ್ಲಿ. ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆ ಜಾಗದಲ್ಲಿ ಅದನ್ನು ಕಟ್ಟಿತು. ಪೀಣ್ಯವಂತೂ ಕಾರ್ಖಾನೆಗಳ ಊರು. ಅಲ್ಲಿನ ಗಾರ್ಮೆಂಟ್ಸ್‌ಗಳಲ್ಲಿ ನಮ್ಮ ಹೆಣ್ಣುಮಕ್ಕಳು ಹೊಲಿದ ಅಂಗಿಗಳು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತವೆ.

ಈ ಮೂರೂ ಕಡೆ ಹೊಸ ಕಟ್ಟಡಗಳ ಹಿಂದೆ ಹಳೆಯ ಊರಿನ ಬೀದಿ ಇನ್ನೂ ಉಳಿದಿದೆ. ಕಾಡುಗೋಡಿ, ವರ್ತೂರು, ದೊಡ್ಡತೋಗೂರು, ದಾಸರಹಳ್ಳಿಗಳ ಕಡೆ ಒಂದು ಸಂಜೆ ನಡೆದು ನೋಡಿ. ಬಳೆ, ಕ್ಲಿಪ್ಪು, ಸರ, ಓಲೆ ತೂಗುಹಾಕಿದ ಫ್ಯಾನ್ಸಿ ಸ್ಟೋರ್. ಪಕ್ಕದಲ್ಲಿ ರವಿಕೆ ಬಟ್ಟೆ, ಲೈನಿಂಗ್, ಫಾಲ್ ಮಾರುವ ಮ್ಯಾಚಿಂಗ್ ಸೆಂಟರ್. ಅದರ ಮೇಲಿನ ಮಹಡಿಯಲ್ಲಿ ಎರಡು ಹೊಲಿಗೆ ಯಂತ್ರ, ಒಂದು ನಿಲುವುಗನ್ನಡಿ ಇಟ್ಟುಕೊಂಡು ‘ಬೊಟಿಕ್’ ಎಂದು ಬೋರ್ಡು ಹಾಕಿದ ಪುಟ್ಟ ಅಂಗಡಿ. ಬಹುಪಾಲು ಅಂಗಡಿಗಳಲ್ಲಿ ಒಡತಿಯೇ ಮಾರುವವಳು, ಅವಳೇ ಅಳತೆ ತೆಗೆಯುವವಳು, ಅವಳೇ ಸಂಜೆ ಲೆಕ್ಕ ಬರೆಯುವವಳು.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳಿಗೆ ಹುಟ್ಟುಹಬ್ಬಕ್ಕೋ ಯುಗಾದಿಗೋ ಬಟ್ಟೆ ತೆಗೆಯುವಾಗ ಒಮ್ಮೆ ಅವರನ್ನು ಇಂಥ ಅಂಗಡಿಗೆ ಕರೆದುಕೊಂಡು ಹೋಗಿ. ಬ್ಯಾಂಕಿನ ಕೌಂಟರಿನಲ್ಲಿ ಮೂರು ದಶಕ ಲೆಕ್ಕ ನೋಡಿದ ನನಗೆ ಇವು ಅಂಗಡಿಯೂ ಹೌದು, ಶಾಲೆಯೂ ಹೌದು ಎನಿಸುತ್ತದೆ.

ಬಳೆಯ ಗಣಿತ

ಮಕ್ಕಳೇ, ಮೊದಲು ಒಂದು ಒಗಟು. ಬಳೆ ಅಂಗಡಿಯಲ್ಲಿ ಅಳತೆಯನ್ನು 2.4, 2.6, 2.8, 2.10 ಎಂದು ಹೇಳುತ್ತಾರೆ. ಇವುಗಳಲ್ಲಿ ಅತಿ ದೊಡ್ಡ ಬಳೆ ಯಾವುದು?

ಶಾಲೆಯ ದಶಮಾಂಶದ ಪ್ರಕಾರ 2.10 ಎಲ್ಲಕ್ಕಿಂತ ಚಿಕ್ಕದಾಗಬೇಕು. ಬಳೆಯವರ ಲೆಕ್ಕದಲ್ಲಿ ಅದೇ ದೊಡ್ಡದು! ಚುಕ್ಕಿಯ ಮುಂದಿನ ಅಂಕಿ ಹತ್ತರ ಭಾಗವಲ್ಲ, ಅಂಗುಲದ ಹದಿನಾರರ ಭಾಗ. ಬಳೆಯ ಒಳಗಿನ ಅಡ್ಡಳತೆಯನ್ನು ಹೀಗೆ ಹೇಳುತ್ತಾರೆ. 2.4 ಅಂದರೆ ಎರಡು ಅಂಗುಲ ಮತ್ತು ಹದಿನಾರರಲ್ಲಿ ನಾಲ್ಕು ಭಾಗ, ಎಂದರೆ ಎರಡೂಕಾಲು ಅಂಗುಲ. 2.8 ಅಂದರೆ ಎರಡೂವರೆ ಅಂಗುಲ. 2.10 ಅದಕ್ಕಿಂತ ತುಸು ಹೆಚ್ಚು. ಹದಿನಾರು ಆಣೆಗೆ ಒಂದು ರೂಪಾಯಿ ಎಂಬ ಕಾಲ ಕಂಡ ಅಜ್ಜ ಅಜ್ಜಿಯರಿಗೆ ಇದು ಬೇಗ ಹೊಳೆಯುತ್ತದೆ. ಮೊಮ್ಮಕ್ಕಳಿಗೆ ಹೇಳಿಕೊಡುವ ಸರದಿ ನಿಮ್ಮದು.

ಅದೇ ಅಂಗಡಿಯಲ್ಲಿ ಚನ್ನಪಟ್ಟಣದ ಮರದ ಬಳೆ, ಓಲೆ ಇದ್ದರೆ ಕೈಗೆತ್ತಿಕೊಂಡು ನೋಡಿ. ಹಾಲೆ ಮರದ ತುಂಡನ್ನು ತಿರುಗಿಸುತ್ತಾ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಬಣ್ಣದ ಡಬ್ಬಿ ಬೇಡ, ಕುಂಚ ಬೇಡ. ಬೊಂಬೆ ಮಾಡುವ ಈ ವಿದ್ಯೆಯೇ ಈಗ ಕಿವಿಗೂ ಕೈಗೂ ಏರಿದೆ.

ಬಟ್ಟೆಯನ್ನು ಕೈಯಿಂದ ನೋಡುವುದು

ಮೊಬೈಲಿನಲ್ಲಿ ಬಟ್ಟೆಯ ಚಿತ್ರ ಕಾಣುತ್ತದೆ, ಬಟ್ಟೆ ಸಿಗುವುದಿಲ್ಲ. ಅಂಗಡಿಯಲ್ಲಿ ಅದನ್ನು ಹಿಂಡಿ ನೋಡಬಹುದು, ಬೆಳಕಿಗೆ ಹಿಡಿಯಬಹುದು, ಹೊಲಿಗೆಯ ಒಳಮಗ್ಗುಲು ತಿರುವಬಹುದು. ಬಣ್ಣ ಬಿಡುತ್ತದೆಯೇ ಎಂಬ ಅನುಮಾನವಿದ್ದರೆ ಅಂಗಡಿಯವರನ್ನು ಕೇಳಿ, ಒದ್ದೆ ಮಾಡಿದ ಬಿಳಿ ಕರವಸ್ತ್ರವನ್ನು ಬಟ್ಟೆಯ ಒಳಮೂಲೆಗೆ ಉಜ್ಜಿ. ಕರವಸ್ತ್ರವೇ ಉತ್ತರ ಹೇಳುತ್ತದೆ.

ಅಂಚಿನ ಒಂದೆರಡು ಎಳೆ ಸಿಕ್ಕರೆ ಮನೆಗೆ ತಂದು, ದೊಡ್ಡವರ ಎದುರಿಗೇ ಸುಟ್ಟು ನೋಡಬಹುದು. ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಕೊಡುತ್ತದೆ. ರೇಷ್ಮೆ ಕೂದಲು ಸುಟ್ಟ ಹಾಗೆ ಕಮಟು ವಾಸನೆ ಬಂದು, ಮುಟ್ಟಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಇಳಕಲ್ ಸೀರೆ ಕಂಡರೆ ಸೆರಗು ಸೇರುವ ಜಾಗವನ್ನು ಗಮನಿಸಿ. ಮೈಯ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುತ್ತಾರೆ. ಇದಕ್ಕೆ ಕೊಂಡಿ ಎಂದು ಹೆಸರು. ರೇಷ್ಮೆಯದಾದರೆ ಸಿಲ್ಕ್ ಮಾರ್ಕ್ ಗುರುತು, ಕೈಮಗ್ಗದ್ದಾದರೆ ಹ್ಯಾಂಡ್‌ಲೂಮ್ ಮಾರ್ಕ್ ಗುರುತು ಇದೆಯೇ ಎಂದು ಕೇಳುವುದು ನಮ್ಮ ಹಕ್ಕು.

ಚೌಕಾಸಿಯ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಾಲ್‌ನಲ್ಲಿ ಬೆಲೆಯ ಚೀಟಿ ನೋಡಿ ಬಾಯಿ ಮುಚ್ಚಿಕೊಂಡು ಕೊಡುವ ನಾವು, ಬೀದಿಯ ಅಂಗಡಿಗೆ ಬಂದೊಡನೆ “ಇಷ್ಟೊಂದಾ? ಕೊನೇ ಬೆಲೆ ಹೇಳಮ್ಮಾ” ಎನ್ನುತ್ತೇವೆ. ಒಂದು ಲೆಕ್ಕ ಹಾಕೋಣ.

ಒಂದು ಕುರ್ತಾಕ್ಕೆ ಅಂಗಡಿಯಾಕೆ 600 ರೂಪಾಯಿ ಹೇಳಿದಳು ಎನ್ನಿ. ಅವಳು ಅದನ್ನು ತಂದದ್ದು 450ಕ್ಕೆ ಎಂದಿಟ್ಟುಕೊಳ್ಳಿ. ಉಳಿಯುವುದು 150. ನಾವು ಹಟ ಹಿಡಿದು 500ಕ್ಕೆ ಇಳಿಸಿದೆವು. ನಮಗೆ ಉಳಿದದ್ದು ಬೆಲೆಯ ಆರನೆಯ ಒಂದು ಪಾಲು. ಅವಳಿಗೆ ಹೋದದ್ದು? 150ರಲ್ಲಿ 100, ಅಂದರೆ ಮೂರರಲ್ಲಿ ಎರಡು ಪಾಲು! ಮಿಕ್ಕ 50 ರೂಪಾಯಿಯಲ್ಲೇ ಮಳಿಗೆಯ ಬಾಡಿಗೆ, ಕರೆಂಟು, ಸಾಲದ ಕಂತು, ಮನೆಯ ಹಾಲು ಎಲ್ಲ ನಡೆಯಬೇಕು. ನೂರು ರೂಪಾಯಿ ಒಂದೇ. ಯಾವ ಕಡೆ ನಿಂತು ಎಣಿಸುತ್ತೇವೆ ಎಂಬುದರ ಮೇಲೆ ಅದರ ತೂಕ ಬೇರೆ.

ಚೌಕಾಸಿ ಮಾಡಲೇಬಾರದು ಎಂದು ನಾನು ಹೇಳುವುದಿಲ್ಲ. ನಾಲ್ಕು ಜೊತೆ ಬಟ್ಟೆ ಒಟ್ಟಿಗೆ ತೆಗೆದಾಗ, ಹೊಲಿಗೆಯಲ್ಲಿ ಕೊರೆ ಕಂಡಾಗ, ಬೇರೆಡೆ ಅದೇ ಸರಕು ಕಡಿಮೆಗೆ ಇದ್ದಾಗ ಕೇಳುವುದು ನ್ಯಾಯ. ಕೇಳುವಾಗ “ಅಕ್ಕಾ, ಸ್ವಲ್ಪ ನೋಡಿ ಹೇಳಿ” ಎಂದರೆ ಸಾಕು, ವಸ್ತುವನ್ನು ಹಳಿಯಬೇಕಿಲ್ಲ. ಪಕ್ಕದಲ್ಲಿ ನಿಂತ ಮಗು ಬಟ್ಟೆಯನ್ನಷ್ಟೇ ನೋಡುತ್ತಿರುವುದಿಲ್ಲ. ಯಾರ ಮುಂದೆ ದನಿ ಏರಿಸಬಹುದು, ಯಾರ ಮುಂದೆ ಸುಮ್ಮನಿರಬೇಕು ಎಂಬುದನ್ನೂ ನಮ್ಮಿಂದ ಕಲಿಯುತ್ತಿರುತ್ತದೆ.

ದೊಡ್ಡ ಮಳಿಗೆಗಳ ರಿಯಾಯಿತಿಯನ್ನೂ ಮಕ್ಕಳಿಂದಲೇ ಲೆಕ್ಕ ಹಾಕಿಸಿ. ‘ಶೇ 50, ಅದರ ಮೇಲೆ ಶೇ 20’ ಎಂದು ಬರೆದಿದ್ದರೆ ಒಟ್ಟು ಶೇ 70 ಅಲ್ಲ. 1000 ರೂಪಾಯಿಯದು ಮೊದಲು 500 ಆಗುತ್ತದೆ. ಆ 500ರ ಶೇ 20 ಅಂದರೆ 100 ಕಳೆದರೆ 400. ನಿಜವಾದ ರಿಯಾಯಿತಿ ಶೇ 60.

ರಸೀದಿಯ ಮಾತು

ಸಣ್ಣ ಅಂಗಡಿ ಎಂದು ರಸೀದಿ ಬಿಡಬೇಡಿ. ಬಟ್ಟೆ ಬದಲಿಸಿಕೊಳ್ಳಲು ಅದು ಬೇಕು. 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ 5. ಕಾಂಪೊಸಿಷನ್ ಪದ್ಧತಿಯಲ್ಲಿರುವ ಸಣ್ಣ ವ್ಯಾಪಾರಿಗಳು ಗಿರಾಕಿಯಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ.

2025ರ ಜುಲೈನಲ್ಲಿ ಬೆಂಗಳೂರಿನ ಅನೇಕ ಸಣ್ಣ ಅಂಗಡಿಗಳು ಕ್ಯೂಆರ್ ಕೋಡ್ ತೆಗೆದು ‘ನಗದು ಮಾತ್ರ’ ಎಂದು ಚೀಟಿ ಅಂಟಿಸಿದ್ದು ನೆನಪಿರಬಹುದು. ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಬಂದಾಗ ವ್ಯಾಪಾರಿಗಳು ಗಾಬರಿಯಾಗಿದ್ದರು. ಖಾತೆಗೆ ಬಂದ ಹಣವೆಲ್ಲ ಲಾಭವಲ್ಲ ಎಂಬುದು ನಮ್ಮ 600 ರೂಪಾಯಿಯ ಕುರ್ತಾದಿಂದಲೇ ಗೊತ್ತಾಗುತ್ತದೆ. ಆದರೆ ಲೆಕ್ಕ ಬರೆದಿಡುವ ಅಂಗಡಿಗೆ ಭಯ ಕಡಿಮೆ, ಬ್ಯಾಂಕಿನಲ್ಲಿ ಸಾಲ ಕೇಳಲೂ ಅದೇ ಆಧಾರ. ನಾವು ರಸೀದಿ ಕೇಳಿದರೆ ಆ ಅಭ್ಯಾಸಕ್ಕೆ ನೆರವಾದಂತೆ.

ಹೋಗುವುದು ಈಗ ಕಷ್ಟವಿಲ್ಲ. ಪೀಣ್ಯಕ್ಕೆ 2014ರಿಂದ, ವೈಟ್‌ಫೀಲ್ಡಿಗೆ 2023ರಿಂದ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಿಂದ ಮೆಟ್ರೊ ಓಡುತ್ತಿದೆ. ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಡಿ. ಹೇಳಿದ ಬೆಲೆ, ಕೊಟ್ಟ ಬೆಲೆ, ಬಟ್ಟೆ ಎಲ್ಲಿಂದ ಬಂತು ಎಂದು ಮೂರು ಕಲಂ ಹಾಕಿಸಿ. ಮೂರನೆಯದನ್ನು ತುಂಬಲು ಅಂಗಡಿಯವರನ್ನೇ ಮಾತನಾಡಿಸಬೇಕು. ಗುಳೇದಗುಡ್ಡದ ಖಣವೋ, ಸೂರತ್ತಿನ ಸೀರೆಯೋ, ಮೇಲಿನ ಮಹಡಿಯಲ್ಲೇ ಹೊಲಿದ ಲಂಗವೋ ಎಂದು ಅವರು ಖುಷಿಯಿಂದ ಹೇಳುತ್ತಾರೆ. ಮುಂದಿನ ಸಲ ಹೋದಾಗ ನಿಮ್ಮ ಮೊಮ್ಮಗಳ ಬಳೆಯ ಅಳತೆಯನ್ನು ಅವರು ಕೇಳಬೇಕಾಗಿಯೇ ಇರುವುದಿಲ್ಲ.