‘ಸ್ವಲ್ಪ ಸೀಪೇಜ್’ ಅಂದ್ರೆ ಎಷ್ಟು?

ಬೆಂಗಳೂರಿನಲ್ಲಿ ಹಳೇ ಮನೆ ಮಾರೋದಕ್ಕೆ ಹೊರಟರೆ ಬ್ರೋಕರ್‌ಗಿಂತ ಮೊದಲು ಪೇಂಟರ್ ಬರ್ತಾನೆ. ಪುಟ್ಟಿ ಹಚ್ಚಿ ಎರಡು ಕೋಟ್ ಹೊಡೆದರೆ ಗೋಡೆಯ ತೇವ ಮುಂದಿನ ಮಳೆಗಾಲದ ತನಕ ಕಾಣೋದಿಲ್ಲ. ಅಷ್ಟರಲ್ಲಿ ರಿಜಿಸ್ಟ್ರೇಷನ್ ಮುಗಿದಿರುತ್ತೆ!

ಇದನ್ನು ಜಾಣತನ ಅಂದುಕೊಂಡವರು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಓದಬೇಕು. ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ತಿಳಿಸಲೇಬೇಕು. ಮುಚ್ಚಿಟ್ಟರೆ ಅದು ವಂಚನೆ. ಬ್ರಿಟಿಷರ ಕಾಲದ ಕಾನೂನು, ಇವತ್ತಿಗೂ ಜಾರಿಯಲ್ಲಿದೆ.

ಸರಿ, ಹೇಳೋದು ಹೇಗೆ? ‘ಸ್ವಲ್ಪ ಸೀಪೇಜ್ ಇದೆ ಸಾರ್’ ಅಂದರೆ ಇಂಜಿನಿಯರಿಂಗ್ ಓದಿದ ನನಗೇ ಏನೂ ಅರ್ಥವಾಗೋದಿಲ್ಲ. ಪ್ಲಾಸ್ಟರ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಬೇರೆ, ಬೀಮ್ ಒಳಗಿನ ಕಂಬಿ ತುಕ್ಕು ಹಿಡಿದು ಕಾಂಕ್ರೀಟ್ ಉದುರೋದು ಬೇರೆ. ಎಲ್ಲಿ, ಯಾವಾಗಿಂದ, ಏನು ರಿಪೇರಿ ಮಾಡಿಸಿದ್ರಿ ಅನ್ನೋದು ಬೇಕು. ಹೀಗೆ ಬರೆಯಿರಿ: ‘ಮಹಡಿಯ ಬಾತ್‌ರೂಮಿನಿಂದ ಅಡುಗೆಮನೆ ಸೀಲಿಂಗ್‌ಗೆ ಎರಡು ವರ್ಷದಿಂದ ನೀರು ಜಿನುಗುತ್ತಿದೆ. ಒಮ್ಮೆ ವಾಟರ್‌ಪ್ರೂಫಿಂಗ್ ಮಾಡಿಸಿದೆವು, ನಿಲ್ಲಲಿಲ್ಲ.’

ಬೆಲೆ ಇಳಿಯುತ್ತಾ? ಇಳಿಯಬಹುದು. ಆದರೆ ಎದುರಿನವರು ರಿಪೇರಿ ಖರ್ಚಿನ ಲೆಕ್ಕದಲ್ಲಿ ಚೌಕಾಸಿ ಮಾಡ್ತಾರೆ, ಅನುಮಾನದ ಲೆಕ್ಕದಲ್ಲಲ್ಲ. ಅಗ್ರಿಮೆಂಟ್ ದಿನವೇ ಆ ಹಾಳೆಗೆ ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.